ನಳಿಗೆಯ ಬಾಯಂಚು

ಪಿಸ್ತೂಲಿನ ಗುರಿ ತಪ್ಪಿದರೆ ನಾವು ದೂರುವುದು ಕೈಯನ್ನು. ಹಲವು ವೇಳೆ ದೋಷ ನಳಿಗೆಯದು. ಜಾನ್ ಬ್ರೌನಿಂಗ್ ರೂಪಿಸಿ, ಅಮೆರಿಕದ ಸೈನ್ಯ 1911ರಲ್ಲಿ ಸ್ವೀಕರಿಸಿದ ಪಿಸ್ತೂಲನ್ನೇ ನೋಡಿ. ನಳಿಗೆಯ ಉದ್ದ 5 ಅಂಗುಲ. ಒಳಗಿನ ಸುರುಳಿಗೆರೆಗಳು ಪೂರ್ಣ ಸುತ್ತು ಹಾಕಲು 16 ಅಂಗುಲ ಬೇಕು. ಹೊರಬೀಳುವ ಗುಂಡು ಮೂರನೆಯ ಒಂದು ಸುತ್ತನ್ನೂ ಮುಗಿಸಿರುವುದಿಲ್ಲ. ಆದರೂ ಆ ತಿರುಗುವಿಕೆಯೇ ಅದನ್ನು ಬುಗುರಿಯಂತೆ ನೆಟ್ಟಗಿಡುತ್ತದೆ. ಇಷ್ಟನ್ನೂ ಕೆಡಿಸಲು ಬಾಯಂಚಿನ ಸಣ್ಣದೊಂದು ಕಚ್ಚು ಸಾಕು: ಗುಂಡಿನ ಬುಡ ಅಂಚನ್ನು ಬಿಡುವ ಕ್ಷಣದಲ್ಲಿ ಅನಿಲ ಆ ಬದಿಯಿಂದ ಮೊದಲು ನುಗ್ಗಿ ಗುಂಡನ್ನು ಓಲಾಡಿಸುತ್ತದೆ.

ಇನ್ನು ನಳಿಗೆಯ ತುದಿಯನ್ನು ಹಿಡಿದಿರುವ ಬಳೆ ಸಡಿಲವಿದ್ದರೆ, ಪ್ರತಿ ಹೊಡೆತದ ಬಳಿಕ ನಳಿಗೆ ತುಸು ಬೇರೆ ನೆಲೆಯಲ್ಲಿ ಕೂರುತ್ತದೆ. ಇದನ್ನು ದೋಷವೆನ್ನಲು ನನಗೆ ಮನಸ್ಸೊಪ್ಪದು. ಕೆಸರು ಮೆತ್ತಿದರೂ ನಡೆಯಲಿ, ಬಿಡಿಭಾಗಗಳು ಅದಲುಬದಲಾಗಲಿ ಎಂದು ಬಿಟ್ಟ ಎಡೆಯದು. ಸ್ಪರ್ಧೆಗೆ ಇಳಿಯುವವರು ಮಾತ್ರ ಬಿಗಿಯಾದ ಬಳೆಯನ್ನು ಅರದಿಂದ ಉಜ್ಜಿ ಕೂರಿಸಿಕೊಳ್ಳುತ್ತಾರೆ.