ನಿಮಗಿದು ಗೊತ್ತೇ? ಅಜ್ಜಿ ಬಿದ್ದ ಮೇಲಿನ ಎರಡು ದಿನ

ದೇಹದಲ್ಲೇ ಅತಿ ಉದ್ದದ, ಅತಿ ಗಟ್ಟಿ ಮೂಳೆ ತೊಡೆಯದು. ಆದರೂ ವಯಸ್ಸಾದವರಲ್ಲಿ ಅದರ ಮೇಲ್ತುದಿ ಮುರಿಯಲು ಮೈಸೂರು ರಸ್ತೆಯ ಅಪಘಾತವೇ ಆಗಬೇಕಿಲ್ಲ. ಬಚ್ಚಲಲ್ಲಿ ಕಾಲು ಜಾರಿದರೆ, ಹೊಸ್ತಿಲು ಎಡವಿದರೆ ಸಾಕು.

ಬಿದ್ದವರು ಎಲ್ಲಿ ನೋವು ಎನ್ನುತ್ತಾರೆ? ಹೆಚ್ಚಿನವರು ತೊಡೆಸಂದಿಯಲ್ಲಿ. ಕೆಲವರು ಮಂಡಿ ತೋರಿಸುತ್ತಾರೆ! ಮಂಡಿಗಷ್ಟೇ ಎಕ್ಸ್‌ರೇ ತೆಗೆಸಿ ವಾಪಸು ಕರೆತಂದರೆ ಮೇಲಿನ ಮುರಿತ ಹಾಗೇ ಉಳಿಯುತ್ತದೆ.

ಮಂಚದ ಮೇಲೆ ಅಂಗಾತ ಮಲಗಿಸಿ, ಕಾಲ ಕಡೆ ನಿಂತು ನೋಡಿ. ಪೆಟ್ಟಾದ ಕಾಲು ಇನ್ನೊಂದಕ್ಕಿಂತ ತುಸು ಗಿಡ್ಡ, ಪಾದ ಹೊರಕ್ಕೆ ತಿರುಗಿ ಬಿದ್ದಿದೆ, ಹಿಮ್ಮಡಿ ಎತ್ತಿ ಎಂದರೆ ಎತ್ತಲಾಗದು. ಇಷ್ಟಿದ್ದರೆ ತಡಮಾಡಬೇಡಿ. ಹಾಗೆಂದು ನಡೆದಾಡುತ್ತಿದ್ದಾರೆ ಎಂಬ ಧೈರ್ಯವೂ ಬೇಡ. ಮುರಿದ ತುದಿಗಳು ಒಂದಕ್ಕೊಂದು ಕಚ್ಚಿಕೊಂಡಿದ್ದರೆ ಅಜ್ಜಿ ಎದ್ದು ಓಡಾಡಬಹುದು, ಮೊದಲ ಎಕ್ಸ್‌ರೇಯಲ್ಲೂ ಗೆರೆ ಕಾಣದಿರಬಹುದು. ನೋವು ಬಿಡದಿದ್ದರೆ ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್ ಬೇಕು.

ಆಪರೇಷನ್‌ನಲ್ಲಿ ಕೆಲವರಿಗೆ ರಾಡ್, ಕೆಲವರಿಗೆ ಬಾಲ್ ಬದಲಾವಣೆ ಏಕೆ? ತೊಡೆಮೂಳೆಯ ಗುಂಡಗಿನ ತಲೆಗೆ ರಕ್ತ ಒಯ್ಯುವ ಸಣ್ಣ ನಾಳಗಳು ಅದರ ಕತ್ತಿಗೆ ಅಂಟಿಕೊಂಡೇ ಮೇಲೇರುತ್ತವೆ. ಕತ್ತು ಮುರಿದು ಸರಿದರೆ ಅವೂ ಹರಿಯುತ್ತವೆ, ತಲೆ ರಕ್ತವಿಲ್ಲದೆ ಸಾಯಬಹುದು. ಅದಕ್ಕೇ ವಯಸ್ಸಾದವರಲ್ಲಿ ಆ ತಲೆ ತೆಗೆದು ಲೋಹದ ಬಾಲ್ ಕೂರಿಸುತ್ತಾರೆ. ಕತ್ತಿನ ಕೆಳಗೆ ಮುರಿದರೆ ಅಲ್ಲಿ ರಕ್ತಕ್ಕೆ ಕೊರತೆಯಿಲ್ಲ; ರಾಡ್, ಸ್ಕ್ರೂ ಹಾಕಿ ಹಿಡಿದಿಟ್ಟರೆ ಕೂಡಿಕೊಳ್ಳುತ್ತದೆ. ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಈ ವ್ಯತ್ಯಾಸವನ್ನು 1822ರಲ್ಲೇ ಬರೆದಿಟ್ಟ. ಎಕ್ಸ್‌ರೇ ಬಂದದ್ದು 1895ರಲ್ಲಿ!

ಆಪರೇಷನ್ ಬದಲು ನಾಟಿ ಕಟ್ಟು ಹಾಕಿಸಿದರಾಗದೇ? ಮೂಳೆ ಕಟ್ಟುವವರ ಬೋರ್ಡುಗಳಲ್ಲಿ ಕಾಣುವ 'ಪುತ್ತೂರು ಕಟ್ಟು' ದಕ್ಷಿಣ ಕನ್ನಡದ್ದಲ್ಲ, ಆಂಧ್ರದ ತಿರುಪತಿ ಸೀಮೆಯ ಪುತ್ತೂರಿನದು. ಮುಂಗೈ ಮೂಳೆ ಕಟ್ಟಿಗೆ ಕೂಡೀತು. ತೊಡೆಯ ಬುಡದಲ್ಲಿ ಕಟ್ಟಿಗೆ ಹಿಡಿತವೇ ಸಿಗದು: ಸುತ್ತಲಿನ ದಪ್ಪ ಸ್ನಾಯುಗಳು ಮುರಿದ ತುದಿಯನ್ನು ಮೇಲಕ್ಕೆಳೆಯುತ್ತಲೇ ಇರುತ್ತವೆ. ಎಣ್ಣೆ ಹಚ್ಚಿ ನೀವುವುದು, ಕಾಲು ಜಗ್ಗುವುದು ಬೇಡವೇ ಬೇಡ.

"ಎಂಬತ್ತಾಯ್ತು, ಆಪರೇಷನ್ ತಡೀತಾರಾ? ಮಲಗಿರಲಿ ಬಿಡಿ." ಈ ಮಾತೇ ನನಗೆ ಹೆಚ್ಚು ಭಯ ಹುಟ್ಟಿಸುವುದು. ಹಿಂದೆ ಕಾಲಿಗೆ ತೂಕ ಕಟ್ಟಿ ತಿಂಗಳುಗಟ್ಟಲೆ ಮಲಗಿಸುತ್ತಿದ್ದಾಗ ಹಾಸಿಗೆ ಹುಣ್ಣು, ನ್ಯುಮೋನಿಯಾ, ಕಾಲಿನ ನಾಳದಿಂದ ಶ್ವಾಸಕೋಶಕ್ಕೇರುವ ರಕ್ತದ ಹೆಪ್ಪು ಎಷ್ಟೋ ಜೀವಗಳನ್ನು ತೆಗೆದವು. ಈಗ 48 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮುಗಿಸುವುದು ಗುರಿ. ಬ್ರಿಟನ್ನಿನಲ್ಲಿ 36 ಗಂಟೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿಯೂ ಮಾಡಬಹುದು. ಸಾಮಾನ್ಯವಾಗಿ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ತೀರಾ ಹಾಸಿಗೆ ಹಿಡಿದ, ಕೊನೆಗಾಲದ ರೋಗಿಗಳ ಮಾತು ಬೇರೆ. ವಯಸ್ಸೊಂದೇ ಕಾರಣವಾಗಿ ಬೇಡ ಎನ್ನುವುದು ತಪ್ಪು.

108 ಆಂಬುಲೆನ್ಸ್ ಕರ್ನಾಟಕದಲ್ಲಿ 2008ರಿಂದ ಓಡುತ್ತಿದೆ. ಆಟೋದಲ್ಲಿ ಮಡಚಿ ಕೂರಿಸುವ ಬದಲು ಅದನ್ನೇ ಕರೆಯಿರಿ. ಬಿಡದಿ ಕಡೆಯವರಿಗೆ ಬೆಂಗಳೂರು ದೂರವೇನಲ್ಲ. ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ಮತ್ತು ಅಪಘಾತ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸಂಸ್ಥೆ. ಆಧಾರ್, ರೇಷನ್ ಕಾರ್ಡು, ದಿನಾ ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ಹೋದ ಕೂಡಲೇ ಹೇಳಿ.

ಇನ್ನು ಮೂಳೆ ಗಟ್ಟಿಯಾಗಿಡುವ ಊಟದ ಮಾತು. ಮಾಗಡಿ, ಕನಕಪುರದ ರಾಗಿ 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುತ್ತದೆ. ಮುಟ್ಟು ನಿಂತ ಹೆಂಗಸರಿಗೆ ದಿನಕ್ಕೆ 1200 ಬೇಕು. ಮುದ್ದೆಯ ಜೊತೆ ಹಾಲು, ಮೊಸರು, ಬಿಸಿಲೂ ಇರಲಿ.

ಒಂದು ಕಡೆ ಮುರಿದವರಿಗೆ ಇನ್ನೊಂದು ಕಡೆಯೂ ಮುರಿಯುವ ಸಂಭವ ಹೆಚ್ಚು. ಮೂಳೆ ಸವೆತ ತಡೆಯುವ ಜೋಲೆಡ್ರೋನಿಕ್ ಆಮ್ಲವನ್ನು ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಟ್ಟಾಗ ಹೊಸ ಮುರಿತಗಳು ಶೇ. 35ರಷ್ಟು, ಸಾವುಗಳು ಶೇ. 28ರಷ್ಟು ಕಡಿಮೆಯಾದದ್ದನ್ನು 2007ರ ದೊಡ್ಡ ಅಧ್ಯಯನವೊಂದು ತೋರಿಸಿತು. ಮೂತ್ರಪಿಂಡ ಸರಿಯಿದೆಯೇ ಎಂದು ನೋಡಿಯೇ ಕೊಡುತ್ತಾರೆ. ಹೊಲಿಗೆ ಬಿಚ್ಚಿಸಲು ಹೋದಾಗ ಡಾಕ್ಟರನ್ನು ಇದರ ಬಗ್ಗೆ ಕೇಳಿ.