ಮೈಲುತುತ್ತದ ಪುಡಿ: ಅದನ್ನು ಇಡುವ ಮತ್ತು ಬಳಸುವ ಕ್ರಮ

ಅಡಕೆ ತೋಟಗಳುಳ್ಳ ಗ್ರಾಮಗಳಲ್ಲಿ ಮಳೆಗಾಲಕ್ಕೆ ಮುಂಚಿತವಾಗಿ ಮೈಲುತುತ್ತವನ್ನು ಕೊಂಡು ತರದ ಮನೆ ಅಪರೂಪ. ಕೊಳೆರೋಗದಿಂದ ಎಳೆಗಾಯಿಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಇದನ್ನು ಸುಣ್ಣದೊಡನೆ ಬೆರಸಿ, ಬೋರ್ಡೋ ದ್ರಾವಣವೆಂಬ ಹೆಸರಿನಿಂದ ಗೊನೆಗಳಿಗೆ ಸಿಂಪಡಿಸುವರು. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತ್ಯದಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಇಂಥ ಮಿಶ್ರಣವನ್ನು ಎರಚುತ್ತಿದ್ದರು. ಅದು ಬೂಜುರೋಗವನ್ನೂ ತಡೆಯುವುದೆಂಬುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ಕಂಡು 1885ರಲ್ಲಿ ಪ್ರಕಟಪಡಿಸಿದನು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್‌ರವರು ಕೊಳೆರೋಗದ ಕಾರಣವನ್ನು ಶೋಧಿಸಿ 1910ರಲ್ಲಿ ವರದಿಯನ್ನು ಹೊರಡಿಸಿದ ತರುವಾಯ ಮಲೆನಾಡಿನಲ್ಲಿ ಇದರ ಬಳಕೆಯು ಹಬ್ಬಿತು.

ಮೈಲುತುತ್ತದ ಗುಣವನ್ನು ಬಲ್ಲವರು ಬಹಳ. ಅದರ ಅಪಾಯವನ್ನು ಲಕ್ಷಿಸುವವರು ಕಡಮೆ. ಸಿಂಪಡಿಸುವ ದಿನಗಳು ವರ್ಷದಲ್ಲಿ ಕೆಲವೇ. ಮಿಕ್ಕ ಪುಡಿಯು ಮನೆಯಲ್ಲಿ ಬಿದ್ದಿರುವುದು ತಿಂಗಳುಗಟ್ಟಲೆ. ಆದಕಾರಣ ತೋಟದಲ್ಲಿ ವಹಿಸುವ ಎಚ್ಚರಿಕೆಗಿಂತಲೂ ಹೆಚ್ಚಿನ ಎಚ್ಚರಿಕೆಯು ಮನೆಯಲ್ಲಿ ಬೇಕು.

1. ಪುಡಿಯ ಸ್ವಭಾವ

ಮೈಲುತುತ್ತವು ತಾಮ್ರ, ಗಂಧಕಾಮ್ಲ ಮತ್ತು ನೀರು ಇವುಗಳಿಂದಾದ ಲವಣ. ನೀಲಿ ಹರಳಿನಲ್ಲಿ ತೂಕದ ಸುಮಾರು ಕಾಲುಭಾಗವು ತಾಮ್ರ. ಬಹಳ ಕಾಯಿಸಿದರೆ ನೀರಿನಂಶವನ್ನು ಕಳೆದುಕೊಂಡು ಬಿಳಿಯ ಪುಡಿಯಾಗುವುದು. ಬಣ್ಣ ಹೋದರೂ ವಿಷವು ಹೋಗುವುದಿಲ್ಲ. ಇದರ ಧೂಳು ಕಣ್ಣಿಗೆ ಬಿದ್ದರೆ ಉರಿದು ಕೆಂಪಾಗುವುದಲ್ಲದೆ, ತಕ್ಷಣ ತೊಳೆಯದಿದ್ದರೆ ಕಣ್ಣಿನ ಕರಿಯ ಭಾಗದ ಮೇಲಿನ ಪೊರೆಗೆ ಗಾಯವಾಗಿ ದೃಷ್ಟಿಗೆ ಹಾನಿಯಾಗಬಹುದು. ಬೆವರಿದ ಮೈಗೆ ಅಂಟಿದರೆ ತುರಿಕೆಯೂ ಉರಿಯೂ ಉಂಟಾಗುವುವು. ಮೂಗಿನೊಳಕ್ಕೆ ಹೋದರೆ ಗಂಟಲು ಕೆರೆದು ಕೆಮ್ಮು ಬರುವುದು. ಹೊಟ್ಟೆಗೆ ಹೋದರೆ ಹೊಟ್ಟೆನೋವೂ ನೀಲಿ ಅಥವಾ ಹಸುರು ಬಣ್ಣದ ವಾಂತಿಯೂ ಆಗಿ, ಅನಂತರ ರಕ್ತವೂ ಪಿತ್ತಜನಕಾಂಗವೂ ಮೂತ್ರಪಿಂಡಗಳೂ ಕೆಟ್ಟು ಪ್ರಾಣಕ್ಕೆ ಅಪಾಯವುಂಟು.

2. ಇಡುವ ಕ್ರಮ

ನೀಲಿ ಹರಳುಗಳು ನೋಟಕ್ಕೆ ಸೊಗಸಾಗಿರುವುದರಿಂದ ಮಕ್ಕಳು ಕಲ್ಲುಸಕ್ಕರೆಯೆಂದು ಬಾಯಿಗೆ ಹಾಕಿಕೊಳ್ಳುವ ಭಯವಿದೆ. ಇದನ್ನು ಅಡಿಗೆಮನೆ, ಉಗ್ರಾಣ, ಕೊಟ್ಟಿಗೆಗಳಲ್ಲಿ ಇಡಕೂಡದು. ಧಾನ್ಯ, ಉಪ್ಪು, ಹಿಂಡಿ, ಬೂಸಗಳ ಹತ್ತಿರವೂ ಇಡಕೂಡದು. ಬೀಗವುಳ್ಳ ಬೇರೆ ಕೋಣೆ ಅಥವಾ ಪೆಟ್ಟಿಗೆಯು ಅವಶ್ಯಕ. ಅದರ ಬೀಗದ ಕೈ ಒಬ್ಬರ ವಶದಲ್ಲಿಯೇ ಇರತಕ್ಕದ್ದು.

ಕಬ್ಬಿಣದ ಡಬ್ಬಿಯಾಗಲಿ ತಗಡಿನ ಡಬ್ಬಿಯಾಗಲಿ ಇದಕ್ಕೆ ತಕ್ಕುದಲ್ಲ. ತೇವ ತಗಲಿದ ತುತ್ತವು ಕಬ್ಬಿಣವನ್ನು ತಿಂದು ತೂತುಮಾಡುವುದು, ತಾನೂ ಸತ್ತ್ವಗುಂದುವುದು. ಮುಚ್ಚಳವುಳ್ಳ ಪಿಂಗಾಣಿ ಜಾಡಿ ಅಥವಾ ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯು ಉತ್ತಮ. ಅಂಗಡಿಯಿಂದ ಬಂದ ಚೀಲವನ್ನು ಅದರ ಮೇಲಿನ ಚೀಟಿಯೊಡನೆ ಹಾಗೆಯೇ ಡಬ್ಬಿಯೊಳಗೆ ಇಡುವುದು ಇನ್ನೂ ಮೇಲು. ಡಬ್ಬಿಯ ಹೊರಮೈಯಲ್ಲಿ ‘ಮೈಲುತುತ್ತ — ವಿಷ’ ಎಂದು ಕನ್ನಡದಲ್ಲಿ ದಪ್ಪಕ್ಷರಗಳಿಂದ ಬರೆಯಬೇಕು. ಓದುಬಾರದವರಿಗಾಗಿ ತಲೆಬುರುಡೆಯ ಗುರುತನ್ನೂ ಹಾಕಬೇಕು. ಎಣ್ಣೆ, ಪಾನಕ, ಔಷಧಗಳ ಹಳೆಯ ಸೀಸೆಗಳಲ್ಲಿ ಎಂದಿಗೂ ತುಂಬಬಾರದು. ಡಬ್ಬಿಯನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿಟ್ಟರೆ ಮಳೆಗಾಲದ ತೇವದಿಂದ ಪುಡಿಯು ಗಟ್ಟಿಕಟ್ಟದು. ಆ ವರ್ಷಕ್ಕೆ ಬೇಕಾದಷ್ಟನ್ನೇ ಕೊಳ್ಳುವುದು ಎಲ್ಲಕ್ಕಿಂತಲೂ ಕ್ಷೇಮಕರ.

3. ಸುಟ್ಟ ಸುಣ್ಣ

ಸುಣ್ಣವನ್ನು ನಿರಪಾಯಕಾರಿಯೆಂದು ಭಾವಿಸುವುದು ತಪ್ಪು. ಸುಟ್ಟ ಸುಣ್ಣದ ಕಲ್ಲಿಗೆ ನೀರು ತಾಕಿದೊಡನೆ ಕುದಿಯುವಷ್ಟು ಕಾವು ಹುಟ್ಟುವುದು. ಹುಲ್ಲು, ಗೋಣಿ, ಸೌದೆಗಳ ನಡುವೆ ಇಟ್ಟಿದ್ದು ಮಾಡಿನ ನೀರು ತೊಟ್ಟಿಕ್ಕಿದರೆ ಬೆಂಕಿ ಹತ್ತುವ ಸಂಭವವುಂಟು. ಕಣ್ಣಿಗೆ ಸಿಡಿದರೆ ತುತ್ತಕ್ಕಿಂತಲೂ ಬೇಗನೆ ಕಣ್ಣನ್ನು ಸುಡುವುದು. ಇದನ್ನು ತುತ್ತದಿಂದ ಬೇರೆಯಾಗಿ, ಗಾಳಿಯೂ ತೇವವೂ ಸೋಕದಂತೆ ಇಡಬೇಕು. ಗಾಳಿಗೆ ಬಿದ್ದು ತಾನಾಗಿ ಪುಡಿಯಾದ ಹಳೆಯ ಸುಣ್ಣವು ದ್ರಾವಣಕ್ಕೆ ಪ್ರಯೋಜನವಿಲ್ಲ.

4. ಬೆರಸುವಾಗ

ಶೇಕಡ 1ರ ದ್ರಾವಣಕ್ಕೆ 1 ಕಿಲೋಗ್ರಾಂ ತುತ್ತ, 1 ಕಿಲೋಗ್ರಾಂ ಒಳ್ಳೆಯ ಸುಟ್ಟ ಸುಣ್ಣ, 100 ಲೀಟರ್ ನೀರು ಬೇಕು. ತುತ್ತವನ್ನು ಒರಳಿನಲ್ಲಿ ಕುಟ್ಟಿದರೆ ಧೂಳೇಳುವುದು; ಒರಳೂ ಕೆಡುವುದು. ಹರಳುಗಳನ್ನು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ಹಿಂದಿನ ರಾತ್ರಿಯೇ ತೂಗುಬಿಟ್ಟರೆ ಬೆಳಗಾಗುವುದರೊಳಗೆ ತಾವಾಗಿ ಕರಗುವುವು. ಧೂಳಿನ ಪ್ರಸಕ್ತಿಯೇ ಇರದು. ಪಾತ್ರೆಯು ಮರದ್ದು, ಮಣ್ಣಿನದು ಅಥವಾ ಪ್ಲಾಸ್ಟಿಕ್ಕಿನದಾಗಿರಲಿ. ಅಡಿಗೆಯ ಪಾತ್ರೆಗಳನ್ನು ಮುಟ್ಟಕೂಡದು.

ಸುಣ್ಣಕ್ಕೆ ನೀರನ್ನು ಸ್ವಲ್ಪಸ್ವಲ್ಪವಾಗಿ ಹನಿಸಿ, ಮುಖವನ್ನು ದೂರವಿಟ್ಟು ಅರಳಿಸಬೇಕು. ಅದು ತಣಿದ ಮೇಲೆ ಉಳಿದ ನೀರನ್ನು ಸೇರಿಸಿ 50 ಲೀಟರ್ ತಿಳಿಹಾಲು ಮಾಡಿ ಸೋಸಬೇಕು. ತುತ್ತದ ನೀರನ್ನು ಸುಣ್ಣದ ಹಾಲಿಗೆ ಕಲಕುತ್ತ ಹೊಯ್ಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕೆ ಹೊಯ್ಯಬಾರದು. ಹೊಳೆಯುವ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣವು ಸಾಲದೆಂದು ತಿಳಿದು ಇನ್ನಷ್ಟು ಸೇರಿಸಬೇಕು. ದ್ರಾವಣವನ್ನು ಅದೇ ದಿನ ಮುಗಿಸಬೇಕು.

ಬೆರಸುವವನಿಗೆ ರಬ್ಬರಿನ ಕೈಗವಸು, ಪಕ್ಕಗಳು ಮುಚ್ಚಿದ ಕನ್ನಡಕ, ಮೂಗುಬಾಯಿಗಳಿಗೆ ಮುಖಗವಸು ಇವುಗಳನ್ನು ಒದಗಿಸಬೇಕು. ಆ ಕೈಯಲ್ಲಿ ಎಲೆಯಡಕೆ, ಬೀಡಿ, ಊಟಗಳು ಕೂಡದು.

5. ಸಿಂಪಡಿಸುವಾಗ

ಮರದ ಮೇಲಿರುವ ಕೊನೆಗಾರನ ಮುಖಕ್ಕೇ ತುಂತುರು ಬೀಳುವುದು ಸಹಜ. ಅವನಿಗೆ ಕೈಯಿಂದ ಕಣ್ಣೊರಸಿಕೊಳ್ಳಲು ಸಹ ಅವಕಾಶವಿರದು. ಪೋರ್ಚುಗಲ್ ದೇಶದಲ್ಲಿ ದ್ರಾಕ್ಷಿ ತೋಟಗಳಿಗೆ ಇದೇ ದ್ರಾವಣವನ್ನು ವರ್ಷಾನುಗಟ್ಟಲೆ ಹೊಡೆದ ಕೂಲಿಗಾರರ ಶ್ವಾಸಕೋಶಗಳಲ್ಲಿ ತಾಮ್ರವು ಸೇರಿ ರೋಗವುಂಟಾದುದನ್ನು ವೈದ್ಯರು 1969ರಲ್ಲಿ ಪ್ರಕಟಿಸಿದರು. ಆದ್ದರಿಂದ ಸುಣ್ಣ ಬೆರೆತ ಮೇಲೆ ಭಯವಿಲ್ಲವೆಂಬ ಮಾತು ಸರಿಯಲ್ಲ. ಗಾಳಿಗೆ ಎದುರಾಗಿ ಹೊಡೆಯದಿರುವುದು, ಕೊನೆಗಾರನಿಗೂ ಕನ್ನಡಕ ಮತ್ತು ಮುಖಗವಸುಗಳನ್ನು ಕೊಡುವುದು, ಕೆಲಸ ಮುಗಿದ ಕೂಡಲೆ ಸ್ನಾನಕ್ಕೆ ಸಾಬೂನು ನೀರುಗಳನ್ನು ಸಿದ್ಧವಾಗಿಡುವುದು ತೋಟದ ಒಡೆಯನ ಕರ್ತವ್ಯ.

6. ತೊಳೆದ ನೀರು

ಪಾತ್ರೆ ಪಂಪುಗಳನ್ನು ಕೆರೆ, ಬಾವಿ, ಹಳ್ಳಗಳಲ್ಲಿ ತೊಳೆಯಕೂಡದು. ಅತ್ಯಲ್ಪವಾದ ತುತ್ತವೂ ಮೀನುಗಳನ್ನು ಕೊಲ್ಲುವುದು. ತೊಳೆದ ನೀರನ್ನು ಮುಂದಿನ ದ್ರಾವಣಕ್ಕೆ ಸೇರಿಸುವುದು ಲೇಸು. ಸಿಂಪಡಿಸಿದ ತೋಟದ ಹುಲ್ಲನ್ನು ಕುರಿಗಳಿಗೆ ಮೇಯಿಸಬಾರದು. ತಾಮ್ರದ ವಿಷವು ದನಗಳಿಗಿಂತ ಕುರಿಗಳಿಗೆ ಬೇಗನೆ ತಗಲುವುದು.

7. ಅಪಾಯವೊದಗಿದಾಗ

ಕಣ್ಣಿಗೆ ಬಿದ್ದರೆ ಉಜ್ಜದೆ, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಶುದ್ಧವಾದ ನೀರನ್ನು 15 ನಿಮಿಷಕ್ಕೆ ಕಡಮೆಯಿಲ್ಲದೆ ಹರಿಸಿ, ಆಸ್ಪತ್ರೆಗೆ ಕರೆದೊಯ್ಯಬೇಕು. ಇದಕ್ಕಾಗಿ ಬೆರಸುವ ಸ್ಥಳದಲ್ಲಿ ಒಂದು ಕೊಡ ತಿಳಿನೀರು ಮೊದಲೇ ಸಿದ್ಧವಿರಲಿ. ಮೈಮೇಲೆ ಬಿದ್ದ ಒಣ ಸುಣ್ಣವನ್ನು ಒಣಬಟ್ಟೆಯಿಂದ ಕೊಡವಿ ಅನಂತರ ಧಾರಾಳವಾಗಿ ನೀರು ಹಾಕಬೇಕು. ನುಂಗಿದವರಿಗೆ ಬಾಯಿ ಮುಕ್ಕಳಿಸಲು ಹೇಳಬೇಕು. ವಾಂತಿ ಮಾಡಿಸಲು ಯತ್ನಿಸಬಾರದು. ಹಿಂದೆ ವಾಂತಿಗೆಂದು ತುತ್ತವನ್ನೇ ಕೊಡುತ್ತಿದ್ದ ಪದ್ಧತಿಯನ್ನು ಅದರ ವಿಷದ ದೆಸೆಯಿಂದಲೇ ವೈದ್ಯರು ಬಿಟ್ಟಿರುವರು. ಮನೆಮದ್ದಿನಲ್ಲಿ ಕಾಲ ಕಳೆಯದೆ, ಚೀಟಿಯಿರುವ ಚೀಲದೊಡನೆ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕು.

ಕೊಳೆರೋಗದಿಂದ ಹೋದ ಫಸಲು ಮರುವರ್ಷ ಬಂದೀತು. ಹೋದ ಕಣ್ಣು ಬಾರದು. ಬೀಗಕ್ಕೂ ಕನ್ನಡಕಕ್ಕೂ ತಗಲುವ ವೆಚ್ಚವು ತುತ್ತದ ವೆಚ್ಚದಲ್ಲಿಯೇ ಸೇರಿದ್ದೆಂದು ಜಮೀನುದಾರರು ಎಣಿಸತಕ್ಕದ್ದು. ಗ್ರಾಮದ ಮುಖಂಡರು ಮುಂಗಾರಿಗೆ ಮೊದಲು ಈ ಸಂಗತಿಗಳನ್ನು ಕೊನೆಗಾರರಿಗೂ ಕೂಲಿಯವರಿಗೂ ಓದಿ ಹೇಳಿದರೆ ಮಹದುಪಕಾರವಾಗುವುದು.