ಪ್ರವೇಶ ಪರೀಕ್ಷೆಯೂ ಇಂಗ್ಲೀಷು ವಿಭಾಗವೂ

ಪೀಣ್ಯದ ಕಾರ್ಖಾನೆಗಳಲ್ಲಿ ಯಂತ್ರಗಳ ನಡುವೆ ದುಡಿಯುವ ತರುಣರೂ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ದಿನವೆಲ್ಲ ಗಣಕಯಂತ್ರದ ಮುಂದೆ ಕುಳಿತಿರತಕ್ಕ ತರುಣಿಯರೂ, ವೈಟ್‌ಫೀಲ್ಡಿನಲ್ಲಿ ರಾತ್ರಿಯ ಪಾಳಿಯನ್ನು ಮುಗಿಸಿ ಬೆಳಗಿನ ಜಾವಕ್ಕೆ ಮನೆ ಸೇರುವವರೂ ಆಗಸ್ಟ್ ತಿಂಗಳು ಬಂತೆಂದರೆ ಒಂದು ವಿಷಯದಲ್ಲಿ ಸಮಾನದುಃಖಿಗಳಾಗುತ್ತಾರೆ. ನವೆಂಬರ್ ತಿಂಗಳ ಕೊನೆಯ ಭಾನುವಾರದಂದು ನಡೆಯುತ್ತ ಬಂದಿರುವ ‘ಕ್ಯಾಟ್’ ಎಂಬ ಪ್ರವೇಶ ಪರೀಕ್ಷೆಗೆ ಹೆಸರು ಕೊಡುವ ಕಾಲ ಅದು. ವ್ಯವಹಾರಶಾಸ್ತ್ರದಲ್ಲಿ ಸ್ನಾತಕೋತ್ತರ ವಿದ್ಯಾಭ್ಯಾಸ ಮಾಡಬೇಕೆನ್ನುವವರಿಗೆ ಐ.ಐ.ಎಂ.ಗಳ ಬಾಗಿಲು ಇದೇ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಐ.ಐ.ಎಂ. ಬನ್ನೇರುಘಟ್ಟದ ರಸ್ತೆಯಲ್ಲಿದೆ, ಶಿಲ್ಪಿ ಬಾಲಕೃಷ್ಣ ದೋಶಿಯವರು ರೂಪಿಸಿದ ಅದರ ಕಲ್ಲಿನ ಮೊಗಸಾಲೆಗಳು ಎಲೆಕ್ಟ್ರಾನಿಕ್ ಸಿಟಿಯಿಂದ ಹೆಚ್ಚು ದೂರವಲ್ಲ. ಆದರೆ ಆ ದೂರವನ್ನು ಕ್ರಮಿಸುವುದಕ್ಕೆ ನಮ್ಮ ಮಕ್ಕಳಲ್ಲಿ ಅನೇಕರಿಗೆ ಅಡ್ಡಬರುವುದು ಗಣಿತವಲ್ಲ, ಇಂಗ್ಲೀಷು. ಮನೆಯಲ್ಲಿ ಇಂಥ ಅಭ್ಯರ್ಥಿಗಳಿರುವ ವಾಚಕರಿಗೆ ಉಪಯೋಗವಾದೀತೆಂದು ಆ ವಿಭಾಗದ ಸ್ವರೂಪವನ್ನೂ ಅದಕ್ಕೆ ಸಿದ್ಧವಾಗತಕ್ಕ ರೀತಿಯನ್ನೂ ಇಲ್ಲಿ ನಿವೇದಿಸುತ್ತೇವೆ.

ಈ ಊರುಗಳಿಗೂ ಇಂಗ್ಲೀಷಿಗೂ ಇರುವ ನಂಟು ಹೊಸದಲ್ಲ. ವೈಟ್‌ಫೀಲ್ಡು ಹುಟ್ಟಿದ್ದೇ ಇಂಗ್ಲೀಷನ್ನು ಮನೆಮಾತಾಗಿ ಉಳ್ಳ ಜನರಿಗಾಗಿ. 1882ರಲ್ಲಿ ಮಹಾರಾಜ ಚಾಮರಾಜೇಂದ್ರ ಒಡೆಯರು ಯೂರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಸಂಘದ ಮುಖಂಡರಾದ ವೈಟ್ ಎಂಬವರ ಹೆಸರು ಊರಿಗೆ ನಿಂತಿತು. ಎಲೆಕ್ಟ್ರಾನಿಕ್ ಸಿಟಿಯಾದರೋ 1978ರಲ್ಲಿ, ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ದೂರದೃಷ್ಟಿಯ ಫಲವಾಗಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ತಲೆಯೆತ್ತಿತು. ಇಂದು ಈ ಪ್ರದೇಶಗಳಲ್ಲಿ ದುಡಿಯುವವರ ಪೈಕಿ ತುಮಕೂರು, ಕೋಲಾರ, ಹಾಸನ, ರಾಯಚೂರುಗಳ ಹಳ್ಳಿಗಳಿಂದ ಬಂದು, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿ, ಅನಂತರ ಡಿಪ್ಲೊಮಾವನ್ನೋ ಇಂಜಿನಿಯರಿಂಗ್ ಪದವಿಯನ್ನೋ ಸಂಪಾದಿಸಿದವರು ಬಹಳ ಮಂದಿ. ಯಂತ್ರದ ಇಂಗ್ಲೀಷು ಅವರಿಗೆ ಗೊತ್ತು. ಮೇಲಧಿಕಾರಿಗೆ ನಾಲ್ಕು ಸಾಲು ಪತ್ರ ಬರೆಯುವ ಇಂಗ್ಲೀಷೂ ಗೊತ್ತು. ಪರೀಕ್ಷೆ ಕೇಳುವುದು ಇವೆರಡನ್ನೂ ಅಲ್ಲ.

ಅದು ಕೇಳುವುದೇನೆಂಬುದನ್ನು ನೋಡೋಣ. ಪರೀಕ್ಷೆಯ ಒಟ್ಟು ಅವಧಿ ಎರಡು ಗಂಟೆ. ಮೂರು ವಿಭಾಗಗಳಿಗೆ ತಲಾ 40 ನಿಮಿಷ. ಮೊದಲನೆಯದೇ ಇಂಗ್ಲೀಷು. 2024ರ ಪರೀಕ್ಷೆಯಲ್ಲಿ ಈ ವಿಭಾಗಕ್ಕೆ 24 ಪ್ರಶ್ನೆಗಳಿದ್ದುವು: ನಾಲ್ಕು ಗದ್ಯಭಾಗಗಳು, ಒಂದೊಂದರ ಮೇಲೆ ನಾಲ್ಕರಂತೆ 16 ಪ್ರಶ್ನೆಗಳು, ಉಳಿದ ಎಂಟು, ಚೆದುರಿದ ವಾಕ್ಯಗಳನ್ನು ಕ್ರಮಪಡಿಸುವುದು, ಸಾರಾಂಶವನ್ನು ಆರಿಸುವುದು, ಬಿಟ್ಟ ವಾಕ್ಯಕ್ಕೆ ಸ್ಥಾನ ಹುಡುಕುವುದು ಮೊದಲಾದುವು. ವ್ಯಾಕರಣದ ಪ್ರಶ್ನೆಯಾಗಲಿ, ಕಠಿಣಪದಗಳಿಗೆ ಅರ್ಥ ಬರೆಯಿರೆಂಬ ಪ್ರಶ್ನೆಯಾಗಲಿ ನೇರವಾಗಿ ಬಾರದೆ ಎಷ್ಟೋ ವರ್ಷಗಳಾದುವು. ಆದರೂ ನಮ್ಮ ಮಕ್ಕಳು ಮೂರು ಸಾವಿರ ಪದಗಳ ಪಟ್ಟಿಯನ್ನು ಕೊಂಡು, ಮಂತ್ರದಂತೆ ಉರುಹೊಡೆಯುತ್ತ ಮೊದಲ ಎರಡು ತಿಂಗಳನ್ನು ಕಳೆಯುವುದನ್ನು ಕಾಣುತ್ತೇವೆ. ಇದು ಅಡಿಗೆ ಕಲಿಯುವುದಕ್ಕೆಂದು ದಿನಸಿ ಅಂಗಡಿಯ ಬೆಲೆಪಟ್ಟಿಯನ್ನು ಬಾಯಿಪಾಠ ಮಾಡಿದಂತೆ.

ಇನ್ನೊಂದು ಸಂಗತಿಯನ್ನು ತಂದೆತಾಯಿಗಳು ಮುಖ್ಯವಾಗಿ ತಿಳಿಯತಕ್ಕದ್ದು. ಒಟ್ಟು ಅಂಕಗಳು ಚೆನ್ನಾಗಿ ಬಂದರೆ ಸಾಲದು; ಹೆಸರಾಂತ ಸಂಸ್ಥೆಗಳು ಮೂರು ವಿಭಾಗಗಳಲ್ಲಿಯೂ ಪ್ರತ್ಯೇಕವಾಗಿ ಒಂದು ಕನಿಷ್ಠ ಮಟ್ಟವನ್ನು ಗೊತ್ತುಮಾಡಿರುತ್ತವೆ. ಆ ಮಟ್ಟವೂ ಅಂಕಗಳಲ್ಲಲ್ಲ, ‘ಪರ್ಸೆಂಟೈಲ್’ ಎಂಬ ಲೆಕ್ಕದಲ್ಲಿ. ಎಂದರೆ ಪರೀಕ್ಷೆಗೆ ಕುಳಿತ ನೂರು ಮಂದಿಯಲ್ಲಿ ಎಷ್ಟು ಮಂದಿಯನ್ನು ಹಿಂದೆ ಹಾಕಿದ್ದಾರೆಂಬ ಲೆಕ್ಕ. 2024ರಲ್ಲಿ ಕುಳಿತವರು ಸುಮಾರು 2.93 ಲಕ್ಷ. ಗಣಿತದಲ್ಲಿ ಮುಂದಿನ ಸಾಲಿನಲ್ಲಿದ್ದೂ ಇಂಗ್ಲೀಷಿನಲ್ಲಿ ಕನಿಷ್ಠ ಮಟ್ಟಕ್ಕೆ ಒಂದು ಕೂದಲೆಳೆ ಕಡಮೆಯಾದ ಹುಡುಗನಿಗೆ ಸಂದರ್ಶನದ ಕರೆ ಬಾರದು. ಮನೆಯವರು ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷ ಎಂದು ಅವಕಾಶ ಕೊಟ್ಟಿರುತ್ತಾರೆ. ಊರಿನಲ್ಲಿ ಸಾಲ ತೀರಬೇಕು, ತಂಗಿಯ ಓದು ನಡೆಯಬೇಕು. ಹೆಣ್ಣುಮಗಳಾದರೆ ಮದುವೆಯ ಮಾತು ಬಾಗಿಲಲ್ಲಿಯೇ ಕಾದಿರುತ್ತದೆ. ಹೀಗೆ ಆ 40 ನಿಮಿಷಗಳ ಮೇಲೆ ಬೀಳುವ ಭಾರ ಸಣ್ಣದಲ್ಲ.

ಇದನ್ನು ಕಂಡು ಕೆಲವರು ‘ಕನ್ನಡದಲ್ಲಿ ಓದಿಸಿದ್ದೇ ತಪ್ಪಾಯಿತು’ ಎಂದು ಪರಿತಪಿಸುವುದುಂಟು. ನಾವು ಇದನ್ನು ಒಪ್ಪುವುದಿಲ್ಲ. ಪ್ರಬಂಧವೊಂದನ್ನು ಓದಿ, ಬರೆದವನ ಅಭಿಪ್ರಾಯವೇನು, ಅವನು ಯಾರನ್ನು ಖಂಡಿಸುತ್ತಿದ್ದಾನೆ, ಯಾವ ಮಾತನ್ನು ಅರ್ಧ ಮಾತ್ರ ಒಪ್ಪಿದ್ದಾನೆ ಎಂದು ಅರಿಯುವ ಶಕ್ತಿ ಯಾವ ಭಾಷೆಯಲ್ಲಿ ಬೆಳೆದರೂ ಬೆಳೆದದ್ದೇ. ಕನ್ನಡದಲ್ಲಿ ಗಂಭೀರವಾದ ಗದ್ಯವನ್ನು ಓದಿದವನು ಬರಿಗೈಯಲ್ಲಿ ಬಂದವನಲ್ಲ. ಇಂಗ್ಲೀಷಿನಲ್ಲಿ ಓದಿಯೂ ಪಠ್ಯಪುಸ್ತಕದ ಹೊರಗೆ ಒಂದು ಹಾಳೆಯನ್ನು ಮಗುಚದವನು ಈ ಗದ್ಯಭಾಗಗಳ ಮುಂದೆ ಅಷ್ಟೇ ತಬ್ಬಿಬ್ಬಾಗುತ್ತಾನೆ.

ಆದರೆ ಕನ್ನಡಿಗನಿಗೆ ವಿಶೇಷವಾದ ಕೆಲವು ತೊಡಕುಗಳಿರುವುದು ನಿಜ. ಅವನ್ನು ತಿಳಿದುಕೊಂಡರೆ ಅರ್ಧ ದಾರಿ ಸವೆದಂತೆ. ಮೊದಲನೆಯದು ವಾಕ್ಯದ ಕಟ್ಟು. ‘ನಿನ್ನೆ ಊರಿನಿಂದ ಬಂದ ಸೋದರಮಾವನು ತಂದ ಮಾವಿನಹಣ್ಣು’ ಎನ್ನುತ್ತೇವೆ ನಾವು. ವಿಶೇಷಣಗಳೆಲ್ಲ ಮುಂದೆ ನಡೆದು, ಹಣ್ಣು ಕೊನೆಗೆ ಬರುತ್ತದೆ. ಇಂಗ್ಲೀಷಿನವನು ಹಣ್ಣನ್ನು ಮೊದಲು ಮುಂದಿಟ್ಟು, ಅದನ್ನು ಮಾವನು ತಂದನೆಂದೂ, ಮಾವನು ಊರಿನಿಂದ ಬಂದನೆಂದೂ, ಬಂದದ್ದು ನಿನ್ನೆಯೆಂದೂ ಒಂದರ ಹಿಂದೊಂದು ಗಾಡಿಗಳಂತೆ ಕೊಂಡಿಹಾಕಿಕೊಂಡು ಹೋಗುತ್ತಾನೆ. ನಾಲ್ಕು ಸಾಲಿನ ವಾಕ್ಯದಲ್ಲಿ ಕರ್ತೃವೆಲ್ಲಿ, ಮುಖ್ಯಕ್ರಿಯಾಪದವೆಲ್ಲಿ ಎಂದು ಪೆನ್ಸಿಲಿನಿಂದ ಗುರುತುಹಾಕುವ ಅಭ್ಯಾಸವನ್ನು ಒಂದು ತಿಂಗಳು ಮಾಡಿದವರಿಗೆ ಈ ಕೊಂಡಿಗಳು ತಾವಾಗಿ ಬಿಡಿಸಿಕೊಳ್ಳುತ್ತವೆ. ಎರಡನೆಯದು ನಿಷೇಧ. ನಮ್ಮಲ್ಲಿ ‘ಇಲ್ಲ’, ‘ಅಲ್ಲ’ ಎಂಬುವು ವಾಕ್ಯದ ಕೊನೆಗೆ ಗಂಟೆ ಹೊಡೆದಂತೆ ಕೇಳಿಸುತ್ತವೆ. ಇಂಗ್ಲೀಷಿನಲ್ಲಿ ‘ಹಾರ್ಡ್ಲಿ’, ‘ಸೆಲ್ಡಮ್’, ‘ಅನ್‌ಲೆಸ್’ ಎಂಬ ಸಣ್ಣ ಮಾತುಗಳು ನಡುವೆಯೆಲ್ಲೋ ನುಸುಳಿಕೊಂಡಿದ್ದು, ಓಡುವ ಕಣ್ಣಿಗೆ ಬೀಳದೆ ಅರ್ಥವನ್ನು ತಲೆಕೆಳಗು ಮಾಡುತ್ತವೆ.

ಮೂರನೆಯದು ಎಲ್ಲಕ್ಕಿಂತ ಮೋಸಗಾರ. ಇಂಗ್ಲೀಷಿನಿಂದ ಬಂದು ನಮ್ಮ ಮನೆಗಳಲ್ಲಿ ನೆಲಸಿರುವ ಮಾತುಗಳು ಒಂದೊಂದೇ ಅರ್ಥವನ್ನು ಹಿಡಿದು ಕುಳಿತಿವೆ. ‘ಸಾಲ ಸ್ಯಾಂಕ್ಷನ್ ಆಯಿತು’ ಎಂದರೆ ನಮಗೆ ಮಂಜೂರಾತಿ ಮಾತ್ರ. ಆದರೆ ಒಂದು ದೇಶದ ಮೇಲೆ ‘ಸ್ಯಾಂಕ್ಷನ್’ ಹೇರಿದರೆಂದರೆ ಅದು ದಂಡನೆ. ‘ಆರ್ಗ್ಯುಮೆಂಟ್’ ನಮಗೆ ಜಗಳ. ಪ್ರಬಂಧಕಾರನಿಗೆ ಅದು ವಾದಸರಣಿ. ಆಸ್ಪತ್ರೆಯಲ್ಲಿ ‘ಕ್ರಿಟಿಕಲ್’ ಎಂದರೆ ಎದೆ ಧಸಕ್ಕೆನ್ನುತ್ತದೆ. ಗದ್ಯಭಾಗದಲ್ಲಿ ಅದು ವಿಮರ್ಶಾತ್ಮಕವೆಂದಿರಬಹುದು, ನಿರ್ಣಾಯಕವೆಂದೂ ಇರಬಹುದು. ಲೇಖಕನು ಒಂದು ಸಿದ್ಧಾಂತಕ್ಕೆ ‘ಕ್ವಾಲಿಫೈಡ್’ ಬೆಂಬಲ ಕೊಡುತ್ತಾನೆಂದರೆ ಯೋಗ್ಯತೆಯುಳ್ಳ ಬೆಂಬಲವೆಂದಲ್ಲ, ಷರತ್ತುಗಳೊಡನೆ ಕೊಟ್ಟ ಬೆಂಬಲವೆಂದರ್ಥ. ಇಂಥ ಪರಿಚಿತ ಮಾತುಗಳ ಅಪರಿಚಿತ ಮುಖಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ನೂರು ಮಾತುಗಳಾದರೂ ಆ ಮೂರು ಸಾವಿರದ ಪಟ್ಟಿಗಿಂತ ಮೇಲು. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಪ್ರಕಟಿಸಿದ ಇಂಗ್ಲೀಷು-ಕನ್ನಡ ನಿಘಂಟಿನಂಥ ಕೃತಿ ಇಲ್ಲಿ ಸಹಾಯಕ; ಒಂದು ಪದಕ್ಕೆ ಎಷ್ಟು ಅರ್ಥಗಳಿವೆಯೆಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಸ್ವಲ್ಪ ಪಳಗಿದ ಮೇಲೆ ಇಂಗ್ಲೀಷು-ಇಂಗ್ಲೀಷು ಕೋಶಕ್ಕೆ ಹೋಗತಕ್ಕದ್ದು.

ಉತ್ತರವನ್ನು ಆರಿಸುವ ಬಗೆಗೆ ಒಂದು ಉದಾಹರಣೆ ಕೊಡುತ್ತೇವೆ. ‘ಬೆಂಗಳೂರಿನ ಕೆರೆಗಳನ್ನು ಕೆಡಿಸಿದುದು ಕಾರ್ಖಾನೆಗಳೇ ಎಂಬ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಮನೆಮನೆಯಿಂದ ಹರಿದುಬರುವ ಕೊಳಚೆಯನ್ನು ಮರೆತವರ ಮಾತು’ ಎಂದು ಒಬ್ಬನು ಬರೆದನೆನ್ನಿ. ಅವನ ಅಭಿಪ್ರಾಯವೇನು? ಕಾರ್ಖಾನೆಗಳು ನಿರ್ದೋಷಿಗಳೆಂಬುದು ಒಂದು ಆಯ್ಕೆ. ಕೊಳಚೆಯೇ ಕಾರ್ಖಾನೆಗಿಂತ ದೊಡ್ಡ ಕಾರಣವೆಂಬುದು ಎರಡನೆಯದು. ಕಾರ್ಖಾನೆಗಳನ್ನು ಮಾತ್ರ ದೂಷಿಸುವುದು ಅಪೂರ್ಣವೆಂಬುದು ಮೂರನೆಯದು. ಕೆರೆಗಳನ್ನು ಉಳಿಸಬೇಕೆಂಬುದು ನಾಲ್ಕನೆಯದು. ಅವಸರದವನು ಎರಡನೆಯದಕ್ಕೆ ಮರುಳಾಗುತ್ತಾನೆ. ಏಕೆಂದರೆ ಅದು ಲೋಕದಲ್ಲಿ ನಿಜವಿರಬಹುದು. ಆದರೆ ಲೇಖಕನು ಯಾವುದು ದೊಡ್ಡದೆಂದು ಹೇಳಲೇ ಇಲ್ಲ. ನಾಲ್ಕನೆಯದು ಸಜ್ಜನರೆಲ್ಲ ಒಪ್ಪುವ ಮಾತು, ಆದರೆ ಪ್ರಶ್ನೆಗೆ ಉತ್ತರವಲ್ಲ. ಮೂರನೆಯದೇ ಸರಿ. ತಮಗೆ ಗೊತ್ತಿರುವುದನ್ನು ಬಾಗಿಲ ಹೊರಗೆ ಬಿಟ್ಟು, ಬರೆದಿರುವುದನ್ನು ಮಾತ್ರ ಒಳಕ್ಕೆ ಬಿಟ್ಟುಕೊಳ್ಳುವುದು ಇಲ್ಲಿಯ ಶಿಸ್ತು. ವರ್ತೂರು, ಬೆಳ್ಳಂದೂರುಗಳ ನೊರೆಯನ್ನು ಕಣ್ಣಾರೆ ಕಂಡವರಿಗೆ ಇದು ಕಷ್ಟವೇ ಸರಿ.

ಊಹಿಸಿ ಉತ್ತರ ಕೊಡಬಹುದೇ ಎಂದು ಕೇಳುವವರುಂಟು. ಸರಿಯುತ್ತರಕ್ಕೆ ಮೂರು ಅಂಕ. ಆಯ್ಕೆಗಳುಳ್ಳ ಪ್ರಶ್ನೆಗೆ ತಪ್ಪಿದರೆ ಒಂದು ಅಂಕ ಖೋತಾ. ನಾಲ್ಕರಲ್ಲಿ ಒಂದನ್ನು ಕಣ್ಣುಮುಚ್ಚಿ ಮುಟ್ಟಿದವನಿಗೆ ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆಯನ್ನು ಖಂಡಿತ ತಪ್ಪೆಂದು ತೆಗೆದುಹಾಕಬಲ್ಲವನಿಗೆ ಅಲ್ಪಲಾಭವುಂಟು; ಎರಡನ್ನು ತೆಗೆಯಬಲ್ಲವನು ಧೈರ್ಯವಾಗಿ ಮುಂದುವರಿಯಬಹುದು. ಆಯ್ಕೆಗಳಿಲ್ಲದೆ ಉತ್ತರವನ್ನು ತಾನೇ ಅಚ್ಚುಮಾಡಬೇಕಾದ ಪ್ರಶ್ನೆಗಳಿಗೆ ಖೋತಾ ಇಲ್ಲವಾದುದರಿಂದ ಅವುಗಳಲ್ಲಿ ಒಂದನ್ನೂ ಖಾಲಿ ಬಿಡಕೂಡದು. ಕಾಲದ ಹಂಚಿಕೆಯೂ ಹೀಗೆಯೇ ಲೆಕ್ಕದ ವಿಷಯ: ಒಂದು ಗದ್ಯಭಾಗಕ್ಕೆ ಏಳು ನಿಮಿಷವಿಟ್ಟರೆ ನಾಲ್ಕಕ್ಕೆ 28, ಮಿಕ್ಕ ಎಂಟು ಪ್ರಶ್ನೆಗಳಿಗೆ 12. ನಾಲ್ಕು ಗದ್ಯಭಾಗಗಳನ್ನೂ ಮುಗಿಸಲೇಬೇಕೆಂಬ ಹಟ ಬೇಡ. ಮೂರನ್ನು ಸಮಾಧಾನವಾಗಿ ಓದಿದವನು ನಾಲ್ಕನ್ನು ಅಟ್ಟಿಸಿಕೊಂಡು ಓದಿದವನಿಗಿಂತ ಮುಂದೆ ನಿಲ್ಲುವುದು ಅಪರೂಪವಲ್ಲ.

ಓದತಕ್ಕದ್ದೇನು? ಗದ್ಯಭಾಗಗಳು ಸಮಾಜಶಾಸ್ತ್ರ, ಇತಿಹಾಸ, ಜೀವವಿಜ್ಞಾನ, ತತ್ತ್ವಶಾಸ್ತ್ರ, ಕಲೆ ಎಲ್ಲಿಂದಲಾದರೂ ಬರುತ್ತವೆ. ಅಪರಿಚಿತ ಭಾಷೆ, ಅಪರಿಚಿತ ವಿಷಯ ಎರಡನ್ನೂ ಒಮ್ಮೆಗೇ ಹೊರಲಾಗದವರು ಪರಿಚಿತ ವಿಷಯದಿಂದ ಮೊದಲು ಮಾಡುವುದು ಲೇಸು. ಮೈಸೂರಿನ ಎಂ. ಎನ್. ಶ್ರೀನಿವಾಸರು 1976ರಲ್ಲಿ ಇಂಗ್ಲೀಷಿನಲ್ಲಿ ಪ್ರಕಟಿಸಿದ ‘ದಿ ರಿಮೆಂಬರ್ಡ್ ವಿಲೇಜ್’ ನಮಗೆ ಕೂಡಲೆ ನೆನಪಾಗುತ್ತದೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಬಿದ್ದು ಅವರ ಕ್ಷೇತ್ರಕಾರ್ಯದ ಟಿಪ್ಪಣಿಗಳು ಸುಟ್ಟುಹೋದ ಮೇಲೆ, ನೆನಪನ್ನೇ ಆಧಾರವಾಗಿಟ್ಟುಕೊಂಡು ಮೈಸೂರು ಸೀಮೆಯ ಹಳ್ಳಿಯೊಂದನ್ನು ಅವರು ಚಿತ್ರಿಸಿದ ಗ್ರಂಥವದು. ಒಕ್ಕಲಿಗರ ಮನೆ, ಗದ್ದೆ, ಜಾತಿ, ಪಂಚಾಯತಿ ಎಲ್ಲವೂ ಹಳ್ಳಿಯಿಂದ ಬಂದ ಹುಡುಗನಿಗೆ ತಿಳಿದದ್ದೇ. ಅವನ್ನು ಶಾಸ್ತ್ರದ ಇಂಗ್ಲೀಷು ಹೇಗೆ ಹೇಳುತ್ತದೆಂಬುದಷ್ಟೆ ಹೊಸದು. ಅಲ್ಲಿಂದ ಪತ್ರಿಕೆಗಳ ಸಂಪಾದಕೀಯಗಳಿಗೂ, ವಿದೇಶದ ದೀರ್ಘಪ್ರಬಂಧಗಳಿಗೂ ಹೋಗಬಹುದು. ಪುಸ್ತಕ ಕೊಳ್ಳಲಾಗದವರಿಗೆ ಕಬ್ಬನ್ ಪಾರ್ಕಿನ ಕೆಂಪುಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯವಿದೆ.

ಹೊತ್ತೆಲ್ಲಿಯದು ಎನ್ನುವವರಿಗೆ ನಮ್ಮ ಉತ್ತರ: ದಾರಿಯಲ್ಲಿ. ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟಿನಲ್ಲಿ ಮೆಟ್ರೋ ರೈಲು ಬಂದಿದೆ. ಬಸ್ಸಿನ ಕುಲುಕಾಟದಲ್ಲಿ ಆಗದಿದ್ದ ಓದು ಅಲ್ಲಿ ಸಾಧ್ಯ. ನಿಂತುಕೊಂಡಾದರೂ ಒಂದು ಪ್ರಬಂಧ ಮುಗಿಯುತ್ತದೆ. ಓದಿದುದನ್ನು ಮನೆಗೆ ಬಂದು ಕನ್ನಡದಲ್ಲಿ ಮೂರು ವಾಕ್ಯಗಳಲ್ಲಿ ತಾಯಿಗೋ ತಮ್ಮನಿಗೋ ಹೇಳಬೇಕು. ಕೇಳಿದವರಿಗೆ ಅರ್ಥವಾಗದಿದ್ದರೆ ಓದಿದವರಿಗೂ ಆಗಿಲ್ಲವೆಂದು ತಿಳಿಯತಕ್ಕದ್ದು. ಇಂಗ್ಲೀಷು ಬಾರದ ತಾಯಿಯೂ ಹೀಗೆ ಪರೀಕ್ಷಕಳಾಗಬಲ್ಲಳು. ಗೃಹಿಣಿಯರು ಮಾಡಬಹುದಾದ ಇನ್ನೊಂದು ಉಪಕಾರ, ಭಾನುವಾರ ಬೆಳಗ್ಗೆ ಎರಡು ಗಂಟೆ ಕಾಲ ಟಿ.ವಿ.ಯನ್ನೂ ನೆಂಟರನ್ನೂ ದೂರವಿಡುವುದು. ಅಭ್ಯಾಸದ ಪರೀಕ್ಷೆಯನ್ನು ಮುರಿಯದೆ ಬರೆಯುವುದಕ್ಕೆ ಅಷ್ಟು ಬೇಕು.

ಪರೀಕ್ಷೆಯ ದಿನ ಇಂಗ್ಲೀಷೇ ಮೊದಲು ಬರುವುದರಿಂದ, ಹೊಸ ಜಾಗದ ಗಾಬರಿಯೆಲ್ಲ ಅದರ ಪಾಲಿಗೇ ಬೀಳುತ್ತದೆ. 40 ನಿಮಿಷ ಮುಗಿಯುವವರೆಗೆ ಮುಂದಕ್ಕೆ ಹೋಗುವಂತಿಲ್ಲ, ಮುಗಿದ ಮೇಲೆ ಹಿಂದಕ್ಕೆ ಬರುವಂತಿಲ್ಲ. ಹಿಂದಿನ ರಾತ್ರಿ ಪಾಳಿ ಇದ್ದವರು ಅದನ್ನು ಹೇಗಾದರೂ ಬದಲಾಯಿಸಿಕೊಳ್ಳಬೇಕು; ನಿದ್ದೆಗೆಟ್ಟ ಕಣ್ಣಿಗೆ ಆ ‘ಅನ್‌ಲೆಸ್’ ಕಾಣಿಸದು. ಕೆಲವು ದಿನಗಳಲ್ಲಿಯೇ ಅಭ್ಯರ್ಥಿಯು ಕೊಟ್ಟ ಉತ್ತರಗಳೂ ಸರಿಯುತ್ತರಗಳೂ ಪ್ರಕಟವಾಗುತ್ತವೆ. ಫಲವೇನೇ ಇರಲಿ, ಆ ಹಾಳೆಗಳನ್ನು ಇಳಿಸಿಕೊಂಡು ಜೋಪಾನವಾಗಿ ಇಡತಕ್ಕದ್ದು. ಅಂಕಗಳಿಗೆ ಒಂದೇ ವರ್ಷದ ಆಯುಸ್ಸು. ಇನ್ನೊಮ್ಮೆ ಕುಳಿತುಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಯಾವ ತಪ್ಪು ಪದದಿಂದ ಬಂತು, ಯಾವುದು ವಾಕ್ಯದಿಂದ, ಯಾವುದು ಅವಸರದಿಂದ ಎಂದು ಆ ಹಾಳೆಗಳ ಅಂಚಿನಲ್ಲಿ ಬರೆದಿಟ್ಟರೆ, ಬರುವ ವರ್ಷದ ಪಾಠಪಟ್ಟಿ ಆಗಲೇ ಸಿದ್ಧವಾಗಿರುತ್ತದೆ.